ಸರ್ದಾರರ ಸಂತನಿಗೆ ಹೊತ್ತ ಮುಡಿ ಹರಕೆ

ನಾನು ಅಜ್ಜಿಯಾದೆ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಮದುವೆಯಾಗಿ ಹನ್ನೊಂದು ವರ್ಷ ಕಳೆದ ಮೇಲೆ ನನ್ನ ಒಬ್ಬಳೇ ಮಗಳಿಗೆ ಹೆಣ್ಣು ಮಗು ಹುಟ್ಟಿದೆ. ಹುಣಸೂರಿನ ಆಸ್ಪತ್ರೆಯಲ್ಲಿ, ಕಾರ್ತಿಕದ ಒಂದು ಸೋಮವಾರ, ಬೆಳಗಿನ ಹಾಲು ಕರೆಯುವ ಹೊತ್ತಿಗೆ. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಾಗ ನನಗೆ ಮೊದಲು ಕಂಡದ್ದು ಮುಖವಲ್ಲ, ಕೂದಲು. ತಲೆತುಂಬ ಕಪ್ಪು ಕೂದಲು, ಹಣೆಯವರೆಗೂ ಇಳಿದಿತ್ತು. ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದೆ. ಪಕ್ಕದ ಮಂಚದ ಬಾಣಂತಿಯ ಅತ್ತೆ ನನಗೆ ಗುರುತಿಲ್ಲ, ಪರಿಚಯವಿಲ್ಲ. ಅವರ ಕೈ ಹಿಡಿದುಕೊಂಡು "ನೋಡಿ ಅಕ್ಕಯ್ಯ, ನೋಡಿ" ಎಂದು ಕುಣಿದೇಬಿಟ್ಟೆ. ಎರಡು ದಿನ ಮಂಡಿ ನೋಯಿತು. ನೋಯಲಿ.

ಮಗುವಿನ ಹೆಸರು ಇಲ್ಲಿ ಬರೆಯುವುದಿಲ್ಲ, ದೃಷ್ಟಿಯಾದೀತು. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಆಮೇಲೆ ಅಂಗಡಿಯ ಪೊಟ್ಟಣದ ಕಾಗದ, ಗೋಡೆಯ ಮೇಲಿನ ಬರಹ, ಬಸ್ಸಿನ ಬೋರ್ಡು ಇವನ್ನೇ ಓದಿ ಓದಿ ಅಕ್ಷರ ಮರೆಯದೆ ಉಳಿಸಿಕೊಂಡೆ. ಅದಕ್ಕೇ ಈಗ ಬರೆಯಲು ಆಗುತ್ತಿದೆ. ಸಂತೋಷವನ್ನು ಬರೆಯಲು ಕೂತವಳಿಗೆ ಅದರ ಜೊತೆಗೆ ಬಂದ ದಿಗಿಲನ್ನೂ ಬರೆಯಬೇಕಾಗಿದೆ. ಬರೆಯದಿದ್ದರೆ ಸಂತೋಷ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ನಮ್ಮದು ಕೆ.ಆರ್. ನಗರ ತಾಲ್ಲೂಕು, ನಾಲೆ ನೀರಿನ ಭತ್ತದ ಗದ್ದೆ. ಮಗಳನ್ನು ಕೊಟ್ಟದ್ದು ಪಿರಿಯಾಪಟ್ಟಣದ ಕಡೆಗೆ, ಹೊಗೆಸೊಪ್ಪು ಬೆಳೆಯುವ ಮನೆಗೆ. ಒಳ್ಳೆಯ ಜನ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವಳನ್ನು ಬಂಜೆ ಎಂದು ಯಾರೂ ಆಡಲಿಲ್ಲ. ಆಡಲಿಲ್ಲವಲ್ಲ ಎನ್ನುವುದೇ ನನಗೆ ಹೆಚ್ಚು ಹಿಂಸೆಯಾಗುತ್ತಿತ್ತು. ಹಾಗಾಗಿ ನಾನು ಹೊರದ ಹರಕೆಯಿಲ್ಲ. ಗಾವಡಗೆರೆ ಕಡೆಯ ಒಬ್ಬರಿಂದ ಬೇರು ತಂದೆ. ಅಂತರಸಂತೆ ಸಂತೆಗೆ ಹೋದವಳು ಅಲ್ಲಿಂದಾಚೆ ಕಾಡಂಚಿನ ಅಮ್ಮನಿಗೆ ಸೀರೆ ಉಡಿಸಿ ಬಂದೆ. ಕೊಪ್ಪಕ್ಕೆ ಹೋದಾಗ ಪಕ್ಕದ ಟಿಬೆಟಿನವರ ಗುಡಿಯೊಳಗೂ ನುಗ್ಗಿ, ಅಲ್ಲಿನ ಬಂಗಾರ ಬಣ್ಣದ ದೊಡ್ಡ ಮೂರ್ತಿಗಳಿಗೆ ಅಡ್ಡಬಿದ್ದೆ. ಅವರ ಹೆಸರೇನು ಎಂದು ಕೇಳಲಿಲ್ಲ. ಕೇಳಬೇಕೆಂದು ಅನ್ನಿಸಲೂ ಇಲ್ಲ. ದೊಡ್ಡವರು ಯಾರಾದರೂ ಸರಿ, ಕೈ ಮುಗಿದರೆ ಒಳ್ಳೆಯದೇ ಮಾಡುತ್ತಾರೆ ಎಂದುಕೊಂಡಿದ್ದೆ.

ನಮ್ಮ ಕಡೆ ಈಗ ಭತ್ತ ಕೊಯ್ಯಲು ಆಳು ಸಿಗುವುದಿಲ್ಲ, ಕಟಾವು ಮಿಷನ್ನು ಬರುತ್ತದೆ. ನಮ್ಮ ಬಯಲಿಗೆ ಬರುವ ಮಿಷನ್ನಿನ ಡ್ರೈವರು ಪಂಜಾಬಿನವನು. ಮೂವತ್ತೈದರ ಆಸುಪಾಸಿನ ಸರ್ದಾರ, ಜೊತೆಗೆ ಅವನ ಕಡೆಯ ಇನ್ನಿಬ್ಬರು. ಐದು ವರ್ಷದಿಂದ ಬರುತ್ತಿರುವುದರಿಂದ "ನೀರು ಕೊಡಿ", "ಬದು ಎಲ್ಲಿ", "ಸಾಕು ಸಾಕು" ಎನ್ನುವಷ್ಟು ಕನ್ನಡ ಬರುತ್ತದೆ. ನನ್ನನ್ನು "ಮಾಜೀ" ಎನ್ನುತ್ತಾನೆ. "ನಮ್ಮಲ್ಲಿ ಮಾಜಿ ಅಂದ್ರೆ ಎಲೆಕ್ಷನ್ನಲ್ಲಿ ಸೋತೋರು ಕಣಪ್ಪ" ಎಂದು ನಮ್ಮ ಮನೆಯವರು ನಗುತ್ತಿದ್ದರು. ಅವನಿಗೆ ಅರ್ಥವಾಗದೆ ಅವನೂ ನಗುತ್ತಿದ್ದ.

ಆ ಮಿಷನ್ನಿನ ಗಾಜಿನ ಮೇಲೊಂದು ಪಟ ಇತ್ತು. ಎತ್ತರಕ್ಕೆ ಸುತ್ತಿದ ನೀಲಿ ಪೇಟ, ಎದೆಗಿಳಿದ ಗಡ್ಡ, ಬಿಳಿ ನಿಲುವಂಗಿ, ಕೈಯಲ್ಲಿ ಉದ್ದನೆಯ ಬಾಣ. ಸರ್ದಾರ ಬೆಳಿಗ್ಗೆ ಮಿಷನ್ನು ಹತ್ತುವ ಮುಂಚೆ ಚಪ್ಪಲಿ ಕಳಚಿಟ್ಟು, ಕರ್ಚೀಫಿನಿಂದ ಆ ಪಟ ಒರೆಸಿ, ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದ. ಯಾರಪ್ಪ ಇವರು ಎಂದು ಕೇಳಿದ್ದಕ್ಕೆ "ಸಂತ್ ಜೀ, ಮಾಜೀ. ಬಡೇ ಸಂತ್" ಎಂದ. ಸಂತ ಎಂದರೆ ಸಂತ. ರಾಮನ ಕೈಯಲ್ಲೂ ಬಾಣವಿದೆಯಲ್ಲ! ಇಷ್ಟು ದೂರದಿಂದ ನಮ್ಮ ಗದ್ದೆಯವರೆಗೆ ತಾವಾಗಿ ಬಂದವರು ಬರಿಗೈಲಿ ಹೋಗುತ್ತಾರೆಯೇ ಎನ್ನಿಸಿಬಿಟ್ಟಿತು. ನನಗೊಂದು ಪಟ ಕೊಡು ಎಂದು ಕೈಸನ್ನೆ ಮಾಡಿದೆ. ಅವನ ಮುಖ ಅರಳಿತು. ಸೀಟಿನ ಹಿಂದಿನಿಂದ ಅಂಥದ್ದೇ ಒಂದು ತೆಗೆದು, ಎರಡೂ ಕೈಯಲ್ಲಿ ಕೊಟ್ಟ.

ಹಿಂದಿನ ವರ್ಷದ ಮಾತಿದು. ದೇವರ ಗೂಡಿನಲ್ಲಿ ಮನೆದೇವರ ಬಲಗಡೆ ಆ ಪಟ ಇಟ್ಟೆ. ಗಂಧ ಹಚ್ಚಿದೆ, ಹೂ ಏರಿಸಿದೆ. ಅರಿಸಿನದ ಬಟ್ಟೆಯಲ್ಲಿ ಅಕ್ಕಿ ಅಡಿಕೆ ಕಟ್ಟಿ ಮುಂದಿಟ್ಟು ಬಾಯಿಬಿಟ್ಟು ಹೇಳಿಕೊಂಡೆ: "ಸ್ವಾಮಿ, ನನ್ನ ಮಗಳ ಮಡ್ಲು ತುಂಬ್ಸಪ್ಪ. ಉಟ್ಟಿದ ಮಗೀನ ಮೊದಲ್ನೇ ಮುಡಿ ನಿನಗೇ ಒಪ್ಪಿಸ್ತೀನಿ." ಮೂರು ತಿಂಗಳಿಗೆ ಮಗಳು ಫೋನು ಮಾಡಿದಳು. ಬಾಯಿಂದ ಮಾತು ಹೊರಡದೆ ಬರೀ "ಅವ್ವ, ಅವ್ವ" ಎನ್ನುತ್ತಿದ್ದಳು. ನಾನು ಫೋನು ಹಿಡಿದುಕೊಂಡೇ ಆ ಗೂಡಿನ ಮುಂದೆ ಉದ್ದಕ್ಕೆ ಬಿದ್ದೆ.

ಮಗು ಹುಟ್ಟಿದ ಒಂಬತ್ತನೆಯ ದಿನ ಬೀಗರು, ಬೀಗಿತ್ತಿ, ಅಳಿಯ ಮೂವರೂ ಮಗುವನ್ನು ನೋಡಲು ನಮ್ಮ ಮನೆಗೆ ಬಂದರು. ಬೀಗರು ಮಿಲಿಟರಿಯಲ್ಲಿದ್ದು ನಿವೃತ್ತಿಯಾಗಿ ಬಂದವರು ಎಂಬುದು ಗೊತ್ತಿತ್ತು. ಅಲ್ಲಿ ಏನು ಮಾಡಿದರು, ಎಲ್ಲೆಲ್ಲಿದ್ದರು ಎಂದು ಅವರು ಒಂದು ದಿನವೂ ಹೇಳಿದವರಲ್ಲ, ನಾವೂ ಕೇಳಿದವರಲ್ಲ. ಮಾತು ಕಡಿಮೆ, ಬೆನ್ನು ಇವತ್ತಿಗೂ ನೆಟ್ಟಗಿದೆ. ಬಂದರೆ ಮೊದಲು ಕಾಲು ತೊಳೆಯುತ್ತಾರೆ, ಆಮೇಲೆ ದೇವರಿಗೆ ಕೈ ಮುಗಿಯುತ್ತಾರೆ, ಆಮೇಲೆ ನೀರು. ಅವತ್ತೂ ಹಾಗೆಯೇ ಕಾಲು ತೊಳೆದು ಗೂಡಿನ ಮುಂದೆ ಹೋದರು. ಕೈ ಎತ್ತಿದವರು ಎದೆಯ ಹತ್ತಿರವೇ ನಿಲ್ಲಿಸಿಬಿಟ್ಟರು.

"ಇದ್ಯಾರು ಇಟ್ಟಿದ್ದು?"

"ನಾನೇ ಕಣ್ರೀ ಬೀಗ್ರೇ" ಎಂದೆ, ನೀರಿನ ಚೊಂಬು ಹಿಡಿದುಕೊಂಡು, ಹಲ್ಲು ಬಿಟ್ಟುಕೊಂಡು. "ಸರ್ದಾರ್ರ ಸ್ವಾಮಿಗೋಳು. ಇವ್ರು ಕಣ್ಣು ಬುಟ್ಟಿದ್ಕೇ ಕಣ್ರೀ ನಮ್ಮನೇಲಿ ತೊಟ್ಲು ಕಟ್ಟೋ ಅಂಗಾಯ್ತು."

"ಇವ್ನು ಯಾರು ಅಂತ ಗೊತ್ತಾ ನಿಮ್ಗೆ?"

ಇವ್ನು ಎಂದದ್ದು ಕೇಳಿ ನನಗೆ ಮೈ ಜುಮ್ಮೆಂದಿತು. "ಸಂತ್ರು ಅಲ್ವಾ?" ಎಂದೆ.

"ಸಂತ್ರು!" ಎಂದರು. ನಕ್ಕರೋ, ಉಸಿರು ಬಿಟ್ಟರೋ, ಅಂಥದ್ದೊಂದು ಸದ್ದು ಬಂತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಚೊಂಬು ಚಾಚಿದರೆ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಈ ಪಟ ಇರೋ ಮನೇಲಿ ನಾನು ನೀರು ಮುಟ್ಟಕಿಲ್ಲ ಕಣಮ್ಮ." ಅಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಒಳಗಿನ ಕೋಣೆಯಲ್ಲಿ ಬಾಣಂತಿ ಮಗಳು ಮಗುವಿಗೆ ಹೊಸ ಕುಲಾವಿ ಕಟ್ಟಿ ಕಾಯುತ್ತಿದ್ದಳು. "ಅವ್ವ, ಮಾವ ಬಂದ್ರಾ? ಎತ್ಕಬರ್ಲಾ ಮಗೀನ?" ಎಂದು ಕೂಗಿದಳು. ನಮ್ಮ ಕಡೆ ನೀರು ಕುಡಿಯದೆ ಮನೆ ಬಿಟ್ಟು ಹೋದರೆಂದರೆ ಸಂಬಂಧ ಕಳಚಿತು ಎಂದೇ ಅರ್ಥ. ನಾನು ಚೊಂಬು ಹಿಡಿದು ಕಂಬದ ಹಾಗೆ ನಿಂತಿದ್ದೆ.

ಅಳಿಯನೇ ಕೊನೆಗೆ ಬಾಯಿಬಿಟ್ಟ. "ಅತ್ತೆ, ನನ್ಗೂ ಪೂರಾ ಗೊತ್ತಿಲ್ಲ. ಅಪ್ಪ ಸೈನ್ಯ ಸೇರಿದ ಒಸದ್ರಲ್ಲಿ ಅಮೃತಸರದಲ್ಲಿ ಆ ದೊಡ್ಡ ಗಲಾಟೆ ಆಯ್ತಲ್ಲ, ಅವ್ರ ಚಿನ್ನದ ಗುಡಿ ಒಳಕ್ಕೆ ಮಿಲಿಟರಿ ಓಯ್ತಲ್ಲ, ಅಲ್ಲಿ ಅಪ್ಪನೂ ಇದ್ರಂತೆ. ಆ ಗುಡಿ ಒಳಗೆ ಬಂದೂಕು ಕೂಡಾಕ್ಕಂಡು ಕೂತಿದ್ನಲ್ಲ, ಅವ್ನೇ ಕಣತ್ತೆ ಇವ್ನು."

"ಬಂದೂಕೆಲ್ಲಪ್ಪ ಅದೆ? ಬಾಣ ಇಡ್ಕಂಡವ್ರೆ" ಎಂದೆ ನಾನು. ಎಂಥ ಮಾತು! ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಳಿಯ ಫೋನು ತೆಗೆದು ಓದಿ ಹೇಳಿದ. ಒಬ್ಬರು ಅವನನ್ನು ಹುತಾತ್ಮ ಎನ್ನುತ್ತಾರಂತೆ, ಇನ್ನೊಬ್ಬರು ಉಗ್ರಗಾಮಿ ಎನ್ನುತ್ತಾರಂತೆ. ಬಸ್ಸು ನಿಲ್ಲಿಸಿ ಜನರನ್ನು ಇಳಿಸಿ ಗುಂಡಿಕ್ಕಿದ ಕಾಲವಂತೆ ಅದು. ಆಮೇಲೆ ಗುಡಿಯೊಳಗೆ ಸೈನಿಕರೂ ಸತ್ತರಂತೆ, ಕೈ ಮುಗಿಯಲು ಬಂದಿದ್ದ ಹೆಂಗಸರು ಮಕ್ಕಳೂ ಸತ್ತರಂತೆ, ಅವನೂ ಸತ್ತನಂತೆ. ನಾನು ಕೇಳುತ್ತ ಕೇಳುತ್ತ ನನ್ನ ಬೆರಳುಗಳನ್ನೇ ನೋಡಿಕೊಂಡೆ. ಬೆಳಿಗ್ಗೆ ಹಚ್ಚಿದ ಗಂಧ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು.

"ಊರಿನ್ ದೇವ್ರೆಲ್ಲ ಸಾಲ್ದು ಅಂತ ಮಿಲಿಟರಿ ಎದುರಿಗೆ ನಿಂತೋನ್ನ ತಂದು ಗೂಡಲ್ಲಿ ಕೂರ್ಸಿದ್ಯಲ್ಲಮ್ಮಿ" ಎಂದರು ನಮ್ಮ ಮನೆಯವರು. "ಅದೂ ಮಿಲಿಟರಿಯವ್ರು ಬೀಗ್ರಾಗಿರೋ ಮನೇಲಿ!"

"ನೀವೂ ದಿನಾ ಕೈ ಮುಗೀತಿದ್ರಲ್ಲ."

"ನೀ ಮುಗ್ದೆ, ನಾ ಮುಗ್ದೆ. ನಾನೇನು ಕಂಡೆ?"

ಆ ಗಳಿಗೆಯಲ್ಲೇ ಪಟ ತೆಗೆದೆ. ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಮುಡಿ ಹರಕೆಯ ವಿಷಯವನ್ನು ನಾನು ಆಸ್ಪತ್ರೆಯಲ್ಲೇ ಬೀಗಿತ್ತಿಯ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಅವರು ಮನೆಗೆ ಹೋಗಿ ಗಂಡನಿಗೆ ಹೇಳಿದರು. ಸಂಜೆಗೆ ಅಳಿಯನ ಫೋನು ಬಂತು: "ಅತ್ತೆ, ಅಪ್ಪ ಅಂತಾವ್ರೆ, ಪಟ ತೆಗುದ್ರೆ ಆಯ್ತಾ, ನನ್ನ ಮೊಮ್ಮಗಳ ತಲೆಗೂದ್ಲು ಅವ್ನ ಎಸ್ರಲ್ಲಿ ಅದೆ, ಅದು ಬಿಡುಗಡೆ ಆಗೋಗಂಟ ಮಗೀನ ತೊಡೆ ಮ್ಯಾಲೆ ಕೂರಿಸ್ಕಳಕಿಲ್ಲ ಅಂತ."

ಅವರ ಮನೆಯಲ್ಲಿ ಒಂದು ಪದ್ಧತಿಯಿದೆ. ತಂದೆಯ ಕಡೆಯ ಅಜ್ಜ ತೊಡೆಯ ಮೇಲೆ ಕೂರಿಸಿಕೊಂಡು ಜೇನುತುಪ್ಪ ನೆಕ್ಕಿಸಿದ ಮೇಲೆಯೇ ಮಗುವಿಗೆ ಹೆಸರು, ತೊಟ್ಟಿಲು ಎಲ್ಲ. ಅಜ್ಜ ಬದುಕಿದ್ದೂ ಕೂರಿಸಿಕೊಳ್ಳಲಿಲ್ಲ ಎಂದರೆ ಆ ಮಗುವನ್ನು ಆ ಮನೆ ಒಪ್ಪಿಕೊಳ್ಳಲಿಲ್ಲ ಎಂದೇ ಊರು ಮಾತಾಡುತ್ತದೆ. ಹನ್ನೊಂದು ವರ್ಷ ಕಾದು ಹಡೆದ ನನ್ನ ಮಗಳು ಆ ಮಾತು ಕೇಳಬೇಕೆ? ಅದೂ ನನ್ನ ದೆಸೆಯಿಂದ?

ಹರಕೆ ಬಿಡಿಸುವುದೂ ಬಾಯಿಮಾತಿನಲ್ಲಿ ಆಗುವುದಲ್ಲ. ತಪ್ಪಿ ಹೊತ್ತ ಹರಕೆಯನ್ನು ಆ ದೇವರ ತಮ್ಮಡಿ, ಅಂದರೆ ಗುಡಿಯ ಪೂಜಾರಿ, ತಪ್ಪುಕಾಣಿಕೆ ಹಾಕಿಸಿಕೊಂಡು "ಬಿಟ್ಟಿದೀನಿ ಹೋಗು" ಎನ್ನಬೇಕು. ನಾವೇ ಬಿಟ್ಟುಕೊಂಡರೆ ಅದು ಮಗುವಿನ ಮೇಲೆ ನಿಲ್ಲುತ್ತದೆ ಎಂದು ನನ್ನ ಅವ್ವ ಹೇಳುತ್ತಿದ್ದಳು. ನಂಬಿಕೆಯೋ ಮೂಢತನವೋ, ನನಗೆ ಬೇರೆ ಗೊತ್ತಿಲ್ಲ. ಮಗು ಸೀನಿದರೆ ನನಗೆ ಎದೆ ಧಸಕ್ಕೆನ್ನುತ್ತಿತ್ತು. ಹರಕೆ ತೀರಿಸಿದರೆ ಬೀಗರು ಇಲ್ಲ, ತೀರಿಸದಿದ್ದರೆ ಮಗುವಿನ ಮೇಲೆ ಭಯ. ಈ ದೇವರಲ್ಲದ ದೇವರಿಗೆ ತಮ್ಮಡಿ ಯಾರು ಎಂದು ಯೋಚಿಸಿ ಯೋಚಿಸಿ ನನಗೆ ಹೊಳೆದದ್ದು ಒಬ್ಬನೇ. ಕಟಾವು ಮಿಷನ್ನಿನ ಸರ್ದಾರ.

ನಾನೊಬ್ಬಳೇ ಬಸ್ಸು ಹತ್ತಿ ಹುಣಸೂರಿನಲ್ಲಿ ಇಳಿದು, ಮತ್ತೊಂದು ಬಸ್ಸು ಹಿಡಿದು ಬೀಗರ ಊರಿಗೆ ಹೋದೆ. ಅವರು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಕೂತು ಒಣಗಿದ ಎಲೆ ವಿಂಗಡಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಮರ್ಯಾದೆ ತಪ್ಪಲಿಲ್ಲ, ಚಾಪೆ ಹಾಸಿದರು. ಎದುರಿಗೆ ಕೂತು ನಾನೂ ಎಲೆ ಕೈಗೆತ್ತಿಕೊಂಡೆ.

"ನಂದು ತೆಪ್ಪಾಯ್ತು ಬೀಗ್ರೇ. ಕಾಣ್ದೆ ಮಾಡ್ದೆ" ಎಂದೆ.

ಆಗ ಅವರು ಹೇಳಿದರು. ಎಲೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದರು.

"ಎಚ್.ಡಿ. ಕೋಟೆ ತಾಲ್ಲೂಕಿನ ಉಡುಗ ಒಬ್ಬ ಇದ್ದ ಕಣಮ್ಮ. ಇಬ್ರೂ ಒಂದೇ ದಿನ ಮೈಸೂರ್ನಾಗೆ ಸೇರ್ಕಂಡಿದ್ದು. ಅಲ್ಲಿ ಕನ್ನಡ ಮಾತಾಡಕೆ ನನಗೆ ಅವ್ನು, ಅವ್ನಿಗೆ ನಾನು. ಆ ಗುಡಿ ಒಳಗೆ ನೆಲ ಎಲ್ಲ ಬಿಳೀ ಕಲ್ಲು. ಎಲ್ಲಿಂದ ಗುಂಡು ಒಡೀತಾವ್ರೆ ಅಂತ್ಲೇ ಕಾಣದು. ಗೋಡೇಲಿ ತೂತು, ನೆಲದ ಮಟ್ಟಕ್ಕೆ, ಅಲ್ಲಿಂದ. ನನ್ನ ಪಕ್ಕದಲ್ಲಿ ಬಿದ್ದ. ಅವ್ವ ಅಂದ, ಅಷ್ಟೇಯ. ಎಗ್ಲ ಮ್ಯಾಲೆ ಆಕ್ಕಂಡು ಬಂದೆ. ಆಮೇಲೆ ಅವ್ರವ್ವನ ಮುಂದೆ ಓಗಿ ನಿಂತ್ಕಬೇಕಾಯ್ತಲ್ಲ, ಅದಕ್ಕಿಂತ ಆ ರಾತ್ರೀನೇ ವಾಸಿ ಇತ್ತು."

ನನ್ನ ಕೈಯಲ್ಲಿದ್ದ ಎಲೆ ಪುಡಿಯಾಗಿತ್ತು.

"ಇನ್ನೊಂದದೆ. ಅದ್ನ ಇವಳ್ಗೂ ಏಳಿಲ್ಲ" ಎಂದು ಅಡುಗೆಮನೆಯ ಕಡೆ ನೋಡಿದರು. "ನಾನು ಬೂಟು ಆಕ್ಕಂಡೇ ಗುಡಿ ಒಳಕ್ಕೋದೆ. ತೀರ್ಥದ ಕೊಳದ ಪಕ್ಕದಲ್ಲಿ ಬೂಟಿನ ಕಾಲಲ್ಲಿ ಓಡಿದೆ. ಬೆಳಗಾದ್ಮೇಲೆ ಅಲ್ಲಿ ಎಂಗಸ್ರು ಬಿದ್ದಿದ್ರು. ಒಂದು ಮಗೀನೂ. ಅವ್ರು ಬಂದೂಕು ಇಡ್ದೋರಲ್ಲ. ಅದು ಯಾರ ಗುಂಡೋ ನಂಗೊತ್ತಿಲ್ಲ. ನಂದಲ್ಲ ಅಂತ ಏಳಕೂ ಆಗಕಿಲ್ಲ. ಗುಡೀನ ಕೋಟೆ ಮಾಡ್ಕಂಡು ನಮ್ಮೆಲ್ರನೂ ಅಲ್ಲಿಗೆ ಬರಂಗ್ ಮಾಡ್ದೋನು ಅವ್ನು. ಅವ್ನ ಮುಂದೆ ನನ್ನ ಮೊಮ್ಮಗಳ ಕೂದ್ಲು ಇಡ್ತೀನಿ ಅಂತೀರಲ್ಲಮ್ಮ ನೀವು."

ನನಗೆ ಕಣ್ಣೀರೂ ಬರಲಿಲ್ಲ. ಹನ್ನೊಂದು ವರ್ಷ ಇವರ ಜೊತೆ ಸೊಪ್ಪಿನ ಧಾರಣೆ, ಮಳೆ, ಎಮ್ಮೆ ಇಷ್ಟನ್ನೇ ಮಾತಾಡಿದ್ದೆನಲ್ಲ ಎಂದು ಗರಬಡಿದವಳ ಹಾಗೆ ಕೂತಿದ್ದೆ. ಕೊನೆಗೆ ಹೇಗೋ ನನ್ನ ಕೆಲಸ ನೆನಪಾಯಿತು. "ಬಿಡುಗಡೆ ಮಾಡೋನು ಆ ಸರ್ದಾರ ಒಬ್ನೇ. ನನಗೆ ಅವ್ನ ಭಾಷೆ ಬರಕಿಲ್ಲ. ತೊಟ್ಲು ಶಾಸ್ತ್ರದ ಒತ್ಗೆ ಮಿಷನ್ನು ನಮ್ ಬಯಲಿಗೆ ಬತ್ತದೆ. ನೀವೇ ಬಂದು ಕೇಳ್ಬುಡಿ" ಎಂದೆ.

"ಅಂಥೋನ ಜೊತೆ ನಾನು ಮಾತಾಡ್ಬೇಕಾ?"

"ಮಗೀಗೋಸ್ಕರ."

ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಬಸ್ಸಿನವರೆಗೆ ಬಂದು ಹತ್ತಿಸಿ ಹೋದರು.

ಮಿಷನ್ನು ನಾವು ಕರೆದ ದಿನ ಬರುವುದಿಲ್ಲ. ಬಯಲಿನಲ್ಲಿ ನಮ್ಮ ಸರದಿ ಬಂದ ದಿನವೇ ಕಟಾವು. ಆ ಸರದಿ ಸರಿಯಾಗಿ ತೊಟ್ಟಿಲ ಶಾಸ್ತ್ರದ ದಿನವೇ ಬಿತ್ತು. ಮನೆಯಲ್ಲಿ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದರೆ ಗದ್ದೆಯಲ್ಲಿ ಮಿಷನ್ನಿನ ಸದ್ದು. ಬೀಗಿತ್ತಿ, ಅಳಿಯ, ಅವರ ಕಡೆಯ ನಾಲ್ಕು ಜನ ಟೆಂಪೋದಲ್ಲಿ ಬಂದರು. ಬೀಗರು ಬರಲಿಲ್ಲ. ಮಗಳು ಹೊಸ ಸೀರೆ ಉಟ್ಟು, ಬಾಗಿಲ ಕಡೆಗೇ ನೋಡುತ್ತ ಕೂತಿದ್ದಳು. "ಬುಡವ್ವ, ಬರ್ದಿದ್ರೆ ಬುಡು" ಎಂದಳು. ಆ ಬುಡು ಎನ್ನುವ ಮಾತು ನನಗೆ ಚುಚ್ಚಿತು.

ಹನ್ನೊಂದು ಗಂಟೆಯ ಬಸ್ಸು ಹೋದ ಮೇಲೆ ನಮ್ಮ ಮನೆಯವರು ಗದ್ದೆಯಿಂದ ಓಡಿ ಬಂದರು. "ಬಾರಮ್ಮಿ, ನಿಮ್ ಬೀಗ್ರು ಮನೇಗ್ ಬರ್ದಲೆ ಸೀದಾ ಗದ್ದೇಗೇ ಇಳ್ದವ್ರೆ. ಒಡದಾಟ ಆಗೋಕ್ ಮುಂಚೆ ಬಾ!" ಹೂರಣ ಮೆತ್ತಿದ ಕೈಯಲ್ಲೇ, ತೆಗೆದಿಟ್ಟಿದ್ದ ಪಟವನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿದೆ.

ಬದುವಿನ ಮೇಲೆ ಬೀಗರು ನಿಂತಿದ್ದರು, ಕೈ ಎರಡೂ ಬೆನ್ನ ಹಿಂದೆ. ಸರ್ದಾರ ಮಿಷನ್ನು ನಿಲ್ಲಿಸಿ ಕೆಳಗಿಳಿದಿದ್ದ. ಗಾಜಿನ ಮೇಲಿನ ಪಟ ಇಬ್ಬರ ನಡುವೆ ಮೇಲಿಂದ ನೋಡುತ್ತಿತ್ತು. ನಾನು ಹೋಗುವಷ್ಟರಲ್ಲಿ ಹಿಂದಿಯಲ್ಲಿ ನಾಲ್ಕು ಮಾತು ಆಗಿಹೋಗಿತ್ತು. ಸರ್ದಾರನ ಮುಖ ಕೆಂಪೇರಿತ್ತು.

"ಏನಂತೆ ಬೀಗ್ರೇ? ನನಗೂ ಏಳಿ."

ಬೀಗರು ಅವನ ಕಡೆಯೇ ನೋಡುತ್ತ ನನಗೆ ಕನ್ನಡದಲ್ಲಿ ಹೇಳತೊಡಗಿದರು. ತಾವು ಒಪ್ಪದ ಮಾತನ್ನು, ಅರ್ಧ ಜೀವಮಾನ ದ್ವೇಷಿಸಿದ ಮಾತನ್ನು, ಒಂದು ಅಕ್ಷರ ಬಿಡದೆ ತಮ್ಮ ಬಾಯಿಂದಲೇ ಹೇಳಿದರು. ನನಗೆ ಆ ದಿನ ಕಂಡ ಎಲ್ಲಕ್ಕಿಂತ ದೊಡ್ಡ ಆಶ್ಚರ್ಯ ಅದೇ.

"ನೀವು ಅಲ್ಲಿದ್ರಾ ಅಂತ ಕೇಳ್ದ. ಇದ್ದೆ ಅಂದೆ. ನಮ್ ತಾತನ ತಮ್ಮನೂ ಅಲ್ಲಿದ್ದ, ಅಬ್ಬಕ್ಕೆ ಕೈ ಮುಗಿಯಾಕೆ ಓಗಿದ್ದ, ಎಣನೂ ಸಿಗ್ನಿಲ್ಲ ಅಂತಾನೆ."

ಸರ್ದಾರ ಮತ್ತೆ ಮಾತಾಡಿದ, ಈ ಸಲ ನಿಧಾನವಾಗಿ.

"ಇವ್ನ ಊರ್ನಾಗೆ ಉಡುಗ್ರೆಲ್ಲ ಅಫೀಮು, ಎಂಡ ಅಂತ ಕೆಟ್ಟೋಗಿದ್ರಂತೆ. ಆ ಪಟದಾಗಿರೋನು ಬಂದು ಅದ್ನೆಲ್ಲ ಬುಡ್ಸಿದ್ನಂತೆ. ನಿಮ್ಮ ಧರ್ಮ, ನಿಮ್ಮ ನೀರು, ನಿಮ್ಮ ಮಾನ ನೀವು ಕೇಳ್ರಲಾ ಅಂತ ದೊಡ್ಡ ಸರ್ಕಾರದ ಎದುರಿಗೇ ಮಾತಾಡ್ದ, ಓಡೋಗ್ನಿಲ್ಲ, ಅಲ್ಲೇ ಸತ್ತ. ಅದ್ಕೇ ನಮಗೆ ಶಹೀದ ಅಂತಾನೆ."

ಐದು ವರ್ಷ ನಮ್ಮ ಗದ್ದೆಯಲ್ಲಿ ನಗುತ್ತ ನಗುತ್ತ ಕೆಲಸ ಮಾಡಿಕೊಂಡು ಹೋದ ಇವನೊಳಗೂ ಇಂಥದ್ದೊಂದು ಇತ್ತೇ?

ಬೀಗರ ದನಿ ಗಟ್ಟಿಯಾಯಿತು. ಹಿಂದಿಯಲ್ಲಿ ಏನೋ ಕೇಳಿ ನನ್ನ ಕಡೆ ತಿರುಗಿದರು. "ಬಸ್ಸಿಂದ ಇಳ್ಸಿ ಕೊಂದ್ರಲ್ಲ, ಅವ್ರು ಯಾರ ಎಂಡ ಕುಡಿದಿದ್ರು ಅಂತ ಕೇಳ್ದೆ."

ಸರ್ದಾರ ಕಾಲ ಹತ್ತಿರದ ಒಂದು ತೆನೆ ಕಿತ್ತು ಉದುರಿಸಿದ. ಆಮೇಲೆ ತಗ್ಗಿದ ದನಿಯಲ್ಲಿ ಏನೋ ಹೇಳಿದ. ಬೀಗರು ತಕ್ಷಣ ಕನ್ನಡಕ್ಕೆ ತರಲಿಲ್ಲ. ನಾನು ಎರಡು ಸಲ ಕೇಳಬೇಕಾಯಿತು.

"ಅವ್ನ ಊರ್ನಾಗೆ ಅಂಗಡಿಯವ್ರು ಒಬ್ರಿದ್ರಂತೆ, ಇಂದೂಗಳು. ಈ ಪಟದೋನ ಕಡೆಯೋರು ಅವ್ರಿಗೆ ಬಾಗ್ಲಲ್ಲೇ ಗುಂಡಾಕಿದ್ರಂತೆ. ಇವ್ನ ತಾತನೇ ಎತ್ಕಂಡು ಆಸ್ಪತ್ರೇಗೆ ಓಡಿದ್ನಂತೆ, ಉಳೀನಿಲ್ಲ. ಅವತ್ತಿಂದ ತಾತ ಈ ಪಟಾನ ಮನೇಲಿ ಇಡಬ್ಯಾಡಿ ಅಂದ್ನಂತೆ. ಇವ್ನ ಅಜ್ಜಿ, ಮೈದುನ ಸತ್ತ ಸಂಕಟಕ್ಕೆ, ಇಟ್ಟೇ ಇಡ್ತೀನಿ ಅಂತ ಇಟ್ಳಂತೆ."

"ಆಮೇಲೆ?"

ಬೀಗರು ಕೇಳಿದರು. ಸರ್ದಾರ ಹೇಳಿದ. ಬೀಗರ ತುಟಿಯ ಮೂಲೆ ಅಲುಗಿತು. "ಆಮೇಲೇನೂ ಇಲ್ವಂತೆ. ತಾತ ಸಾಯೋಗಂಟ ಆ ಗೋಡೇಗೆ ಬೆನ್ನು ಆಕ್ಕಂಡು ಕೂತು ಉಣ್ತಿದ್ನಂತೆ. ಅಜ್ಜಿ ಎದುರಿಗೆ ಕೂತು ಬಡಿಸ್ತಿದ್ಲಂತೆ." ಅದಕ್ಕೆ ಸೇರಿಸಿದರು: "ಅಲ್ಲೂ ಅಜ್ಜೀದೇ ಕೆಲ್ಸ ಕಣಮ್ಮ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಕಾಣದ ಅಜ್ಜಿಯ ಮುಖ ಕಣ್ಣ ಮುಂದೆ ಬಂತು.

ಸೆರಗಿನಿಂದ ಪಟ ತೆಗೆದು, ಮುಡಿ ಹರಕೆಯ ವಿಷಯ ಕೇಳಿ ಎಂದೆ. ಬೀಗರು ಕೇಳಿದರು. ಸರ್ದಾರ ಬೆಚ್ಚಿಬಿದ್ದು ಎರಡು ಹೆಜ್ಜೆ ಹಿಂದೆ ಸರಿದ. ಎರಡೂ ಕೈಯಿಂದ ತನ್ನ ಪೇಟ ಹಿಡಿದುಕೊಂಡು "ನಹೀ ಮಾಜೀ, ನಹೀ!" ಎಂದು ಒಂದೇ ಸಮನೆ ಹೇಳತೊಡಗಿದ. ಅವರಲ್ಲಿ ಹುಟ್ಟಿದ ಕೂದಲಿಗೆ ಕತ್ತರಿ ಮುಟ್ಟಿಸುವುದೇ ಇಲ್ಲವಂತೆ. ಕೂದಲು ತೆಗೆದು ಒಪ್ಪಿಸುತ್ತೇನೆ ಎನ್ನುವುದು ಅವರಿಗೆ ಬೈಗುಳಕ್ಕಿಂತ ಕಡೆಯಂತೆ. ನಾನು ವರ್ಷವಿಡೀ ದೀಪ ಹಚ್ಚಿ ಹೇಳಿಕೊಂಡದ್ದು ಇದನ್ನು! ಬೀಗರನ್ನೂ ನೋಯಿಸಿದೆ, ಇವನನ್ನೂ ನೋಯಿಸಿದೆ, ಒಂದೇ ಹರಕೆಯಲ್ಲಿ.

"ಅಂಗಾದ್ರೆ ಬಿಡುಗಡೆ ಮಾಡಕ್ಕೇಳಿ. ಬಿಟ್ಟಿದೀನಿ ಅಂತ ಬಾಯಿಬಿಟ್ಟು ಅನ್ಬೇಕು."

ಸರ್ದಾರ ಮಾತಿಗೆ ಮುಂಚೆ ಚಪ್ಪಲಿ ಕಳಚಿದ. ಪಟವನ್ನು ಎರಡೂ ಕೈಯಲ್ಲಿ ನನ್ನಿಂದ ಇಸಿದುಕೊಂಡು ಹಣೆಗೊತ್ತಿಕೊಂಡ. ಬೀಗರು ನಾಲೆಯ ಕಡೆಗೆ ಮುಖ ತಿರುಗಿಸಿದರು. ಅವನು ಹೇಳಿದ್ದನ್ನು ಆ ಕಡೆ ನೋಡಿಕೊಂಡೇ ಹೇಳಿದರು: "ಮಗೀನ ಕೂದ್ಲು ಮಗೀದು ಅಂತಾನೆ. ಯಾರ್ಗೂ ಕೊಡೋ ಅಂಗಿಲ್ವಂತೆ. ಬಿಟ್ಟಿದೀನಿ ಅಂತಾನೆ. ತೆಪ್ಪುಕಾಣಿಕೆ ಬ್ಯಾಡ್ವಂತೆ. ಅವ್ರಲ್ಲಿ ಏನೇ ಆದ್ರೂ ಬಂದೋರ್ನೆಲ್ಲ ಒಂದೇ ಸಾಲಲ್ಲಿ ನೆಲದ ಮ್ಯಾಲೆ ಕೂರಿಸಿ ಊಟ ಆಕ್ತಾರಂತೆ. ಮಾಡೋದಾದ್ರೆ ಅದ್ನ ಮಾಡಿ ಅಂದ."

"ಇವತ್ತೇ ಮಾಡ್ತೀನಿ. ಅವ್ನೂ ಬರ್ಬೇಕು ಅನ್ನಿ" ಎಂದವಳು ನಾಲಿಗೆ ಕಚ್ಚಿಕೊಂಡೆ. ಬೀಗರ ಮುಖ ನೋಡಲು ಧೈರ್ಯವಾಗಲಿಲ್ಲ.

ಬೀಗರು ಹೇಳಿದರು: "ಆ ಪಟದೋನ್ನ ನಾನು ಮರೆಯಕಿಲ್ಲ ಕಣಮ್ಮ. ಅದ್ನ ನೀವ್ಯಾರೂ ನನ್ನ ಕೇಳ್ಬ್ಯಾಡಿ. ಇವ್ನು ಆಗಿನ್ನೂ ಉಟ್ಟೇ ಇರ್ನಿಲ್ಲ." ಅವನನ್ನು ಊಟಕ್ಕೆ ಕರೆದವರು ಅವರೇ, ಅವನ ಭಾಷೆಯಲ್ಲಿ. ಅವನು ಕೈ ಮುಗಿದ. ಬೀಗರು ಮುಗಿಯಲಿಲ್ಲ, ತಲೆ ಆಡಿಸಿದರು. ಗಾಜಿನ ಮೇಲಿನ ಪಟ ಅಲ್ಲಿಯೇ ಇತ್ತು. ಅದನ್ನು ತೆಗಿ ಎಂದು ಅವರು ಹೇಳಲಿಲ್ಲ, ಅವನೂ ತೆಗೆಯಲಿಲ್ಲ.

ಮನೆಗೆ ಬಂದು ಬೀಗರು ಕಾಲು ತೊಳೆದರು. ಗೂಡಿನಲ್ಲಿ ಬಲಗಡೆ ಖಾಲಿಯಿದ್ದ ಜಾಗವನ್ನು ಒಂದು ಗಳಿಗೆ ನೋಡಿ ಮನೆದೇವರಿಗೆ ಕೈ ಮುಗಿದರು. ನಾನು ಕೊಟ್ಟ ಚೊಂಬು ನೀರನ್ನು ಗಟಗಟ ಕುಡಿದರು, ಪೂರ್ತಿ ಕುಡಿದರು. ಮಗಳು ಮಗುವನ್ನು ತಂದು ಅವರ ತೊಡೆಯ ಮೇಲೆ ಇಟ್ಟಳು. ಬೀಗರು ಮೊದಲು ಕುಲಾವಿ ಬಿಚ್ಚಿ ಆ ಕೂದಲ ಮೇಲೆ ಅಂಗೈ ಇಟ್ಟರು. ಇಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ. ಬೀಗಿತ್ತಿ ಜೇನುತುಪ್ಪದ ಬಟ್ಟಲು ಹಿಡಿದು ಕಾದರು, ಯಾರೂ ಅವಸರ ಮಾಡಲಿಲ್ಲ. ನೆಕ್ಕಿಸಿದ ಮೇಲೆ ಮಗು ತುಟಿ ಚಪ್ಪರಿಸಿದ ಸದ್ದು ಇಡೀ ಹಜಾರಕ್ಕೆ ಕೇಳಿತು. ಮಗಳು ಗೋಡೆಗೆ ಒರಗಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನಾನು ಜೋರಾಗಿಯೇ ಅತ್ತೆ, ನನಗೇನು ನಾಚಿಕೆ.

ಸಂಜೆ ಗದ್ದೆ ಮುಗಿಸಿ ಸರ್ದಾರ ಮತ್ತು ಅವನ ಕಡೆಯ ಇಬ್ಬರು ಕೈಕಾಲು ತೊಳೆದು ಬಂದರು. ಹಜಾರದಲ್ಲಿ ಉದ್ದಕ್ಕೆ ಚಾಪೆ ಹಾಸಿ ಬಾಳೆಲೆ ಹಾಕಿದೆ, ಒಂದೇ ಸಾಲು. ಬಾಣಂತಿಯನ್ನೂ ಅವತ್ತು 'ಪಥ್ಯ' ಎಂದು ಬೇರೆ ಕೂರಿಸಲಿಲ್ಲ. ಬೀಗರು ಎಲ್ಲಿ ಕೂರುತ್ತಾರೋ ಎಂದು ನೋಡುತ್ತಿದ್ದೆ. ಅವರು ಅಳಿಯನ ಪಕ್ಕ ಕೂತರು. ಇನ್ನೊಂದು ಪಕ್ಕದ ಎಲೆ ಖಾಲಿಯಿತ್ತು. ಸರ್ದಾರ ಅನುಮಾನಿಸಿ ನಿಂತದ್ದು ಕಂಡು, ಆ ಎಲೆಯ ಮುಂದಿನ ಚಾಪೆಯನ್ನು ಕೈಯಿಂದ ಎರಡು ಸಲ ತಟ್ಟಿದರು.

ಮುದ್ದೆ, ಹಿದುಕಿದವರೆಯ ಸಾರು, ಅನ್ನ, ಒಬ್ಬಟ್ಟು. ಸರ್ದಾರ ಮುದ್ದೆಯನ್ನು ಬಾಯಿಗಿಟ್ಟು ಅಗಿಯತೊಡಗಿದ. ಅಗಿದ, ಅಗಿದ, ಮುಗಿಯಲೇ ಇಲ್ಲ. ಗಡ್ಡವೆಲ್ಲ ಅಲುಗಾಡುತ್ತಿತ್ತು. "ಅಯ್ಯೋ, ಕಬ್ಬು ಅಂದ್ಕಂಡವ್ನೆ ಕಣ್ರೋ!" ಎಂದರು ನಮ್ಮ ಮನೆಯವರು. ಬೀಗರು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅವನಿಗೆ ತೋರಿಸಿ ಗುಳಕ್ಕನೆ ನುಂಗಿದರು. ಹಿಂದಿಯಲ್ಲಿ ಅಗಿಯಬೇಡ, ನುಂಗು ಎಂದರು. ಅವನು ಕಣ್ಣು ಮುಚ್ಚಿ ನುಂಗಿದ. ಅದು ಗಂಟಲಲ್ಲಿ ನಿಂತು ಕಣ್ಣಲ್ಲಿ ನೀರು ಬಂತು. ಬೀಗರು ತಮ್ಮ ಲೋಟದ ನೀರನ್ನೇ ಅವನ ಕೈಗೆ ಕೊಟ್ಟು, ಬೆನ್ನಿಗೆ ಎರಡು ಗುದ್ದಿದರು. ಮಗಳು ನಕ್ಕಳು, ಬೀಗಿತ್ತಿ ನಕ್ಕರು, ತೊಟ್ಟಿಲಲ್ಲಿ ಮಗು ಎಚ್ಚರವಾಗಿ ಕಿರುಚತೊಡಗಿತು. ಎಂಜಲು ಕೈಯಲ್ಲಿ ಎತ್ತಿಕೊಳ್ಳಲು ಯಾರಿಗೂ ಆಗಲಿಲ್ಲ. ಬಡಿಸುತ್ತಿದ್ದ ನಾನೊಬ್ಬಳೇ ಓಡಿ ಹೋಗಿ ಎತ್ತಿಕೊಂಡೆ.

"ಬೀಗಿತ್ತೀರೇ, ನೀವೂ ಎಲೆ ಆಕ್ಕಳಿ, ಬಡ್ಸಿದ್ದು ಸಾಕು" ಎಂದರು ಬೀಗರು.

ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಸಾಲಿನ ಕೊನೆಯಲ್ಲಿ ಕೂತೆ. ನಮ್ಮ ಮನೆಯವರೇ ಎದ್ದು ನನಗೆ ಬಡಿಸಿದರು. ಮದುವೆಯಾದಾಗಿನಿಂದ ಅದೇ ಮೊದಲು. ಒಬ್ಬಟ್ಟಿಗೆ ತುಪ್ಪ ಸ್ವಲ್ಪ ಹೆಚ್ಚೇ ಸುರಿದರು.